ಪ್ರಬಂಧಗಳನ್ನು ಎಣಿಸುವುದೋ, ಓದುವುದೋ?

ಸಂಶೋಧಕರ ಸಾಧನೆಯನ್ನು ಪ್ರಬಂಧಗಳ ಸಂಖ್ಯೆಯಿಂದ ನಿರ್ಧರಿಸುವ ರೂಢಿಯಿದೆ. ಇದು ಅಡಿಕೋಲಿನಿಂದ ತೂಕ ಅಳೆದಂತೆ. ಒಂದು ಉದಾಹರಣೆ ನೋಡಿ.

ಹೊಗೆಸೊಪ್ಪು ಬೆಳೆಯುವ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಗಳ ವಿದ್ಯಾರ್ಥಿಗಳಿಗೆ ಕ್ಯಾನ್ಸರ್ ಏಕೆ ಬರುತ್ತದೆಂದು ನಾವು ಹೇಳುತ್ತೇವೆ. ಅದು ಹರಡುವುದು ಹೇಗೆ? ಆಧಾರದಿಂದ ಕಳಚಿದ ಸಾಮಾನ್ಯ ಕೋಶ ಸಾಯುತ್ತದೆ. ಕ್ಯಾನ್ಸರ್ ಕೋಶ ಬದುಕಿ ಬೇರೆಡೆ ನೆಲೆಸಬಲ್ಲದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನ್ನಪೂರ್ಣಿ ರಂಗರಾಜನ್ ಮತ್ತು ಸಂಗಡಿಗರು ಈ ಪ್ರಶ್ನೆಯನ್ನೇ ಬೆನ್ನುಹತ್ತಿದ್ದಾರೆ. ಶಕ್ತಿಯ ಕೊರತೆಯನ್ನು ಗುರುತಿಸುವ 'ಎಎಂಪಿಕೆ' ಕಿಣ್ವವು ಕಳಚಿದ ಸ್ತನಕೋಶಗಳ ಉಳಿವಿಗೆ ನೆರವಾಗುವುದನ್ನು ಅವರ 2014ರ ಪ್ರಬಂಧ ತೋರಿಸಿತು. ಕಿಣ್ವವನ್ನು ಎಚ್ಚರಿಸುವಲ್ಲಿ ಕ್ಯಾಲ್ಸಿಯಂ ಹಾಗೂ ಉತ್ಕರ್ಷಕಗಳ ಪಾತ್ರವನ್ನು 2016ರದು ವಿವರಿಸಿತು. ಬೆಳವಣಿಗೆಗೆ ಪ್ರೇರಕವಾದ 'ಎಕೆಟಿ'ಗೂ ಇದಕ್ಕೂ ಇರುವ ಪರಸ್ಪರ ತಡೆಯನ್ನು 2018ರದು ಬಿಡಿಸಿಟ್ಟಿತು.

ಗಡ್ಡೆಯನ್ನು ತಡೆಯುವುದೆಂದು ಹೆಸರಾದ ಕಿಣ್ವವೇ ಇಲ್ಲಿ ಅದಕ್ಕೆ ಆಸರೆ! ಹಾಗಾಗಿ 'ಒಳ್ಳೆಯದೋ ಕೆಟ್ಟದೋ' ಎನ್ನುವುದಕ್ಕಿಂತ 'ಯಾವ ಸ್ಥಿತಿಯಲ್ಲಿ' ಎಂದು ಕೇಳುವುದು ಸರಿ. ಮಿತಿಯನ್ನೂ ಮರೆಯಬಾರದು: ಪ್ರಯೋಗಾಲಯದ ಕೋಶಗಳಲ್ಲಿ ಕಂಡದ್ದು ರೋಗಿಗೆ ಚಿಕಿತ್ಸೆಯಲ್ಲ. ಈ ಕಿಣ್ವವನ್ನು ತಡೆದರೆ ಆರೋಗ್ಯವಂತ ಕೋಶಗಳ ಗತಿಯೇನು ಎಂಬುದನ್ನೂ ನೋಡಬೇಕು.

ಯಾವುದೇ ಪ್ರಬಂಧಪಟ್ಟಿ ಕೈಗೆ ಬಂದಾಗ ಎಣಿಸುವ ಮೊದಲು ಇದನ್ನು ಕೇಳಿ: ಹಿಂದಿನ ಪ್ರಬಂಧ ಉಳಿಸಿದ ಪ್ರಶ್ನೆಗೆ ಮುಂದಿನದು ಉತ್ತರಿಸಿದೆಯೇ?