ಶ್ರವ್ಯದಲ್ಲಿ ಪರಿಸರವಾರ್ತೆ

ಸೂರ್ಯಾಸ್ತ, ಚಂದ್ರೋದಯ, ಪಕ್ಷಿಗಳು ಗೂಡಿಗೆ ಮರಳುವುದು, ಇಷ್ಟನ್ನೇ ಹೇಳುವ ಮಾತು ಕಾವ್ಯವಲ್ಲ, ಬರಿಯ ವಾರ್ತೆಯೆಂದು ಭಾಮಹನು ನಿರ್ಣಯಿಸಿದನು. ದಂಡಿಯಾದರೋ ಕಾಲಾವಸ್ಥೆಯನ್ನು ತಿಳಿಸಬೇಕಾದೆಡೆ ಅದೂ ಸಾಧುವೇ ಎಂದು ಒಪ್ಪಿದನು. ಸೂರ್ಯನು ಮುಳುಗಿದನೆಂಬ ವಾಕ್ಯವೊಂದೇ ವಕ್ತೃಶ್ರೋತೃಭೇದದಿಂದ ನಾನಾರ್ಥಗಳನ್ನು ವ್ಯಂಜಿಸುವುದೆಂದು ಧ್ವನಿವಾದಿಗಳು ತೋರಿಸಿದರು. ಈ ಹಳೆಯ ವಿವಾದವನ್ನು ಅಮೆರಿಕದ ಸಾರ್ವಜನಿಕ ರೇಡಿಯೋದಲ್ಲಿ ಬೆಳೆದ ಪರಿಸರವಾರ್ತೆಗೆ ಒರೆಗಲ್ಲಾಗಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶವು.

ಮೊದಲು ಅದರ ಬೆಳವಣಿಗೆಯನ್ನು ಸಂಗ್ರಹವಾಗಿ ಹೇಳುವೆವು. 1962ರಲ್ಲಿ ರೇಚಲ್ ಕಾರ್ಸನ್ ಎಂಬ ವಿದುಷಿಯು ಡಿ.ಡಿ.ಟಿ. ಮೊದಲಾದ ಕೀಟನಾಶಕಗಳ ಕೇಡನ್ನು ವಿವರಿಸಿ ‘ಸೈಲೆಂಟ್ ಸ್ಪ್ರಿಂಗ್’ ಎಂಬ ಗ್ರಂಥವನ್ನು ಪ್ರಕಟಿಸಿದಳು. ನಿಃಶಬ್ದವಾದ ವಸಂತವೆಂದು ಆ ಹೆಸರಿನ ಅರ್ಥವು. ಹಕ್ಕಿಗಳು ಗೂಡಿಗೆ ಮರಳುವುದು ವಾರ್ತೆಯಾದರೆ, ಮರಳದಿರುವುದು ಏನೆಂಬ ಪ್ರಶ್ನೆಯನ್ನು ಭಾಮಹನು ಎತ್ತಲಿಲ್ಲ. ಅವನ ಕಾಲದಲ್ಲಿ ಅದಕ್ಕೆ ಅವಕಾಶವೇ ಇರಲಿಲ್ಲವೆನ್ನಬಹುದು. 1967ರಲ್ಲಿ ಸಾರ್ವಜನಿಕ ಪ್ರಸಾರದ ಶಾಸನವಾಯಿತು. ಅದರ ಮಸೂದೆಯು ಮೊದಲು ದೂರದರ್ಶನವನ್ನು ಮಾತ್ರ ಉದ್ದೇಶಿಸಿದ್ದು, ರೇಡಿಯೋವು ಬಳಿಕ ಸೇರಿತು. 1970ರ ಏಪ್ರಿಲ್ 22ರಂದು ಮೊದಲ ಭೂದಿನವು ನಡೆಯಿತು. ನ್ಯಾಷನಲ್ ಪಬ್ಲಿಕ್ ರೇಡಿಯೋ ಎಂಬ ಸಂಸ್ಥೆಯು ಅದೇ ವರ್ಷ ಸ್ಥಾಪಿತವಾಗಿ, 1971ರ ಮೇ 3ರಂದು ತನ್ನ ಪ್ರಸಿದ್ಧ ಸಾಯಂವಾರ್ತೆಯನ್ನು ಆರಂಭಿಸಿತು.

ಆದರೂ ಪರಿಸರವಾರ್ತೆಯು ಬಹುಕಾಲ ಉತ್ಪಾತಗಳನ್ನೇ ಹಿಂಬಾಲಿಸಿತು. 1979ರಲ್ಲಿ ತ್ರೀ ಮೈಲ್ ಐಲೆಂಡ್, 1986ರಲ್ಲಿ ಚೆರ್ನೋಬಿಲ್, 1989ರಲ್ಲಿ ಅಲಾಸ್ಕದ ಕಡಲಿಗೆ ಎಕ್ಸಾನ್ ವಾಲ್ಡೀಸ್ ಹಡಗು ಚೆಲ್ಲಿದ ಎಣ್ಣೆ: ಇಂತಹವು ಬಂದಾಗ ಎಚ್ಚರ, ಕಳೆದಮೇಲೆ ನಿದ್ರೆ. 1991ರಲ್ಲಿ ಸ್ಟೀವ್ ಕರ್ವುಡ್ ಎಂಬವರು ‘ಲಿವಿಂಗ್ ಆನ್ ಅರ್ಥ್’ ಎಂಬ ಸಾಪ್ತಾಹಿಕವನ್ನು ಪ್ರಾರಂಭಿಸಿದರು. ಪಿಟ್ಸ್‌ಬರ್ಗಿನ ‘ಅಲೆಘೆನಿ ಫ್ರಂಟ್’ ಎಂಬ ಪ್ರಾಂತೀಯ ಕಾರ್ಯಕ್ರಮವೂ ಅದೇ ವರ್ಷದ್ದು. 2005ರಲ್ಲಿ ಸಿಯಾಟಲಿನಿಂದ ಹೊರಟ ‘ಬರ್ಡ್‌ನೋಟ್’ ಎಂಬುದು ಎರಡು ನಿಮಿಷಗಳೊಳಗೆ ಒಂದೊಂದು ಹಕ್ಕಿಯ ವಿಷಯವನ್ನು ಹೇಳುತ್ತದೆ.

ಈ ಕ್ರಮದ ಮುಖ್ಯಗುಣವು ನಿಯತಕಾಲಿಕತೆಯೆಂದು ನಮ್ಮ ಮತವು. ಮಣ್ಣು ಸವೆಯುವುದಕ್ಕೂ ಹವೆ ಬಿಸಿಯಾಗುವುದಕ್ಕೂ ಇಂಥದೇ ತಿಥಿಯೆಂಬುದಿಲ್ಲ. ಘಟನೆಯನ್ನು ಕಾದು ಕುಳಿತ ವಾರ್ತಾಹರನಿಗೆ ಅವು ಕಾಣಿಸವು. ವಾರವಾರವೂ ಕೇಳುವವನಿಗಾದರೆ ನಿಧಾನವಾಗಿ ಆಗುವ ಹಾನಿಯೂ ಕಥಾಸೂತ್ರವಾಗಿ ತೋರುತ್ತದೆ. ದಂಡಿಯು ಹೇಳಿದ ಕಾಲಾವಸ್ಥಾನಿವೇದನವು ಇಲ್ಲಿ ಸಾರ್ಥಕವಾಗಿದೆ.

ಎರಡನೆಯ ಗುಣವು ಪ್ರಮಾಣವಿಷಯಕವಾದದ್ದು. ಆಪ್ತನ ಮಾತು ನೈಯಾಯಿಕರಿಗೆ ಶಬ್ದಪ್ರಮಾಣ. ಕಿವಿಯು ನೇರವಾಗಿ ಗ್ರಹಿಸಿದ ನಾದವು ಪ್ರತ್ಯಕ್ಷ. ವರದಿಗಾರನು ಜೌಗಿನಲ್ಲಿ ನಿಂತು ಕಪ್ಪೆಗಳ ಕೂಗನ್ನು ಹಿಡಿದು ತಂದು, ಅದರೊಡನೆ ತನ್ನ ಮಾತನ್ನೂ ಕೇಳಿಸಿದಾಗ ಇವೆರಡೂ ಒಂದಕ್ಕೊಂದು ಸಾಕ್ಷಿಯಾಗಿ ನಿಲ್ಲುತ್ತವೆ. ಮುದ್ರಿತ ಪತ್ರಿಕೆಗೆ ಈ ಬಲವಿಲ್ಲ. ‘ಲಿವಿಂಗ್ ಆನ್ ಅರ್ಥ್’ದವರು ಪ್ರಸಾರಗಳ ಲಿಖಿತ ಪಾಠಗಳನ್ನೂ ಪ್ರಕಟಿಸುತ್ತಿರುವರು. ಅವುಗಳಲ್ಲಿ ಹಕ್ಕಿಯು ಕೂಗಿದೆಡೆ, ಹಕ್ಕಿಯ ಧ್ವನಿಯೆಂದು ಕಂಸದೊಳಗಿನ ಸೂಚನೆಯಷ್ಟೇ ಉಳಿಯುತ್ತದೆ. ಗ್ರಂಥಸಂಪಾದನೆಯಲ್ಲಿ ಪರಿಶ್ರಮವುಳ್ಳವರು ಇದನ್ನು ಲುಪ್ತಪಾಠವೆಂದೇ ಎಣಿಸಬೇಕು.

ಈ ಪ್ರಕಾರಕ್ಕೆ ಸಹಜವಾದ ದೋಷವೂ ಇಲ್ಲಿಂದಲೇ ಹುಟ್ಟುವುದು. ಹೊಳೆಯ ಸದ್ದನ್ನು ಮಾತಿನ ಕೆಳಗೆ ಹಾಸಿದಮಾತ್ರಕ್ಕೆ ಹೊಳೆಯ ಸ್ಥಿತಿಯು ತಿಳಿಯದು. ಅರ್ಥವನ್ನು ವ್ಯಂಜಿಸದ ನಾದವು ಬರಿಯ ಶಬ್ದಾಲಂಕಾರ; ರಮ್ಯವಾದಷ್ಟೂ ಅಪಾಯಕರ, ಏಕೆಂದರೆ ಕೆಟ್ಟ ನೀರೂ ಇಂಪಾಗಿಯೇ ಹರಿಯುವುದು. ಪಕ್ಷಿಗಳಿಲ್ಲದ ತೋಪಿನ ಮೌನವನ್ನಾದರೋ ರೇಡಿಯೋದಲ್ಲಿ ಕೇಳಿಸುವುದೇ ಕಷ್ಟ. ಯಂತ್ರವು ಕೆಟ್ಟಿತೆಂದು ಶ್ರೋತೃವು ಭ್ರಮಿಸುವನು. ಇಲ್ಲಿ ಮಾತೇ ಗತಿ. ಹಿಂದೆ ಅಲ್ಲಿ ಏನು ಕೇಳುತ್ತಿತ್ತೆಂಬುದನ್ನು ಮೊದಲು ಹೇಳಿ ಆಮೇಲೆ ಸುಮ್ಮನಾಗುವವನೇ ಕುಶಲನು. ಸ್ಮೃತಿಯಿಲ್ಲದೆ ಅಭಾವವು ಅರ್ಥವಾಗದು.

ಇಂತಹ ಕೆಲಸವು ಲಾಭವನ್ನು ನೆಚ್ಚಿ ನಡೆಯತಕ್ಕದ್ದಲ್ಲ. 2025ರ ಜುಲೈ ತಿಂಗಳಲ್ಲಿ ಅಮೆರಿಕದ ಶಾಸನಸಭೆಯು ಸಾರ್ವಜನಿಕ ಪ್ರಸಾರಕ್ಕೆ ಎರಡು ವರ್ಷಗಳಿಗೆಂದು ಒಪ್ಪಿದ್ದ ಸುಮಾರು 110 ಕೋಟಿ ಡಾಲರುಗಳನ್ನು ಹಿಂತೆಗೆದುಕೊಂಡಿತು. ಆ ಹಣವನ್ನು ಹಂಚುತ್ತಿದ್ದ ನಿಗಮವು ಆಗಸ್ಟಿನಲ್ಲಿ ತನ್ನ ಕಾರ್ಯವನ್ನು ಮುಗಿಸುವುದಾಗಿ ಸಾರಿತು. ನಗರಗಳ ದೊಡ್ಡ ನಿಲಯಗಳು ದಾನಿಗಳಿಂದ ಬದುಕಬಹುದು. ಹಾನಿಯನ್ನು ಮೊದಲು ಕೇಳಬಲ್ಲ ಗ್ರಾಮಾಂತರದ ಚಿಕ್ಕ ನಿಲಯಗಳಿಗೆ ಆ ಅನುಕೂಲವು ಕಡಿಮೆ.

1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಸ್ವಪ್ರಯತ್ನದಿಂದ ಬಾನುಲಿ ನಿಲಯವನ್ನು ಸ್ಥಾಪಿಸಿದುದನ್ನೂ, ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಸಂದುದನ್ನೂ ನಮ್ಮ ವಾಚಕರು ಬಲ್ಲರು. ಪುರಾಣಗಳಲ್ಲಿ ಅಶರೀರವಾಣಿಯು ಕೇಳಿಬರುವುದು ಬಹುಮಟ್ಟಿಗೆ ಎಚ್ಚರಿಕೆಗಾಗಿ; ಕಂಸನು ಕೇಳಿದ್ದೂ ಅದನ್ನೇ. ಕೇಳಿದವನು ಏನು ಮಾಡಿದನೆಂಬುದು ಬೇರೆ ಮಾತು. ವಾಣಿಯ ಧರ್ಮವು ಸಕಾಲದಲ್ಲಿ ನುಡಿಯುವುದು. ಆ ಧರ್ಮವನ್ನು ಈ ವಾರ್ತಾಪ್ರಕಾರವು ತಕ್ಕಮಟ್ಟಿಗೆ ಪಾಲಿಸಿದೆ. ಭಾಮಹನು ಹೊರಗಿಟ್ಟ ವಾರ್ತೆಗೆ ಸಾಹಿತ್ಯದ ಜಗಲಿಯಲ್ಲಿ ಒಂದು ಮಣೆಯನ್ನು ಹಾಕುವುದು ಇನ್ನು ನಮ್ಮ ಅಧ್ಯಾಪಕರ ಕರ್ತವ್ಯವು.