ಕಡತ, ಕಂಠ ಮತ್ತು ಸಂದರ್ಭ: ವಿಶ್ವವಿದ್ಯಾನಿಲಯ ಸಿಬ್ಬಂದಿಯ ದಾಖಲೆ ನಿರ್ವಹಣಾ ತರಬೇತಿ – ಒಂದು ಜಾನಪದೀಯ ವಿಮರ್ಶೆ

ಕನ್ನಡದ ಆಡಳಿತ ಪರಿಭಾಷೆಯಲ್ಲಿ ಇಂದು ಫೈಲು ಎಂಬ ಅರ್ಥದಲ್ಲಿ ರೂಢಿಯಲ್ಲಿರುವ ‘ಕಡತ’ ಎಂಬ ಪದಕ್ಕೆ ಕಾಗದದ ಕಚೇರಿಗಿಂತ ಹಿಂದಿನ ಚರಿತ್ರೆಯಿದೆ. ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿಯನ್ನು ಬಟ್ಟೆಗೆ ಸವರಿ, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕವೇ ಮೂಲದ ಕಡತ. ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ದಕ್ಷಿಣ ಭಾರತದ ಚರಿತ್ರೆಯ ಮೊದಲ ಸಂಪುಟದಲ್ಲಿ ಇದನ್ನು ಪ್ರಸ್ತಾಪಿಸಿದ್ದಾನೆ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಪರಿಚಿತ ಆಕರಗಳು. ಒರೆಸಿ ಮತ್ತೆ ಬರೆಯಬಹುದಾಗಿದ್ದ ಇಂಥ ಬರಹದ ಅಧಿಕೃತತೆಯು ಕೇವಲ ವಸ್ತುವಿನಲ್ಲಿ ಇರಲಾರದು. ಬರೆದವರು ಯಾರು, ಅದು ಯಾರ ವಶದಲ್ಲಿತ್ತು, ಯಾವ ವ್ಯವಹಾರಕ್ಕೆ ಸಂಬಂಧಿಸಿತ್ತು ಎಂಬ ತಿಳಿವಳಿಕೆಯೂ ಅದಕ್ಕೆ ಬೇಕು. ದಾಖಲೆಯೆಂಬುದು ವಸ್ತುವಷ್ಟೇ ಅಲ್ಲ, ಒಂದು ಸಂಬಂಧವೂ ಹೌದು ಎಂಬ ಈ ಅಂಶವು ವಿಶ್ವವಿದ್ಯಾನಿಲಯಗಳ ಕಚೇರಿ ಸಿಬ್ಬಂದಿಗೆ ನೀಡಲಾಗುವ ದಾಖಲೆ ನಿರ್ವಹಣಾ ತರಬೇತಿಯಲ್ಲಿ ಎಷ್ಟರಮಟ್ಟಿಗೆ ಸ್ಥಾನ ಪಡೆದಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಂಥ ತರಬೇತಿಯ ಪಠ್ಯಕ್ರಮ ಬಹುಮಟ್ಟಿಗೆ ಸಿದ್ಧಮಾದರಿಯದು. ಟಪಾಲು ಸ್ವೀಕೃತಿ, ಆವಕ-ಜಾವಕ ವಹಿಗಳ ನಿರ್ವಹಣೆ, ಕಡತಕ್ಕೆ ಸಂಖ್ಯೆ ನೀಡುವುದು, ಟಿಪ್ಪಣಿ ಬರೆಯುವ ಕ್ರಮ, ಮುಕ್ತಾಯಗೊಂಡ ಕಡತಗಳ ವರ್ಗೀಕರಣ, ಅಭಿಲೇಖಾಲಯಕ್ಕೆ ವರ್ಗಾವಣೆ, ಅವಧಿ ಮೀರಿದವುಗಳ ನಾಶ ಇವು ಅದರ ಮುಖ್ಯ ಘಟ್ಟಗಳು. ಇತ್ತೀಚೆಗೆ ಗಣಕೀಕೃತ ಕಡತ ವ್ಯವಸ್ಥೆಯ ಬಳಕೆಯೂ ಇದರೊಡನೆ ಸೇರಿದೆ. ಈ ಯಾವುದೂ ಅನಗತ್ಯವಲ್ಲ. 2005ರ ಮಾಹಿತಿ ಹಕ್ಕು ಅಧಿನಿಯಮದ 4(1)(ಎ) ಪ್ರಕರಣವು ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ಎಲ್ಲ ದಾಖಲೆಗಳನ್ನು ಸೂಚೀಕರಿಸಿ ಇಡಬೇಕೆಂದು ವಿಧಿಸಿದ ಮೇಲೆ ಇವು ಕಾನೂನಿನ ಹೊಣೆಯೂ ಆಗಿವೆ. ಆದರೆ ಇಲ್ಲಿ ಕಲಿಸಲಾಗುವುದು ಕಡತದ ಚಲನೆಯನ್ನೇ ಹೊರತು ಕಡತದ ಸಂದರ್ಭವನ್ನಲ್ಲ. ಕಾಗದವು ಯಾವ ಮೇಜಿನಿಂದ ಯಾವ ಮೇಜಿಗೆ ಹೋಗಬೇಕೆಂಬುದನ್ನು ಸಿಬ್ಬಂದಿ ಕಲಿಯುತ್ತಾರೆ. ಆ ಕಾಗದ ಹುಟ್ಟಿದ್ದೇಕೆ, ಮುಂದೆ ಯಾರು ಅದನ್ನು ಹುಡುಕಿಕೊಂಡು ಬರುತ್ತಾರೆ ಎಂಬ ಪ್ರಶ್ನೆಗಳು ತರಬೇತಿಯ ಹೊರಗೇ ಉಳಿಯುತ್ತವೆ.

ಪತ್ರಾಗಾರ ಶಾಸ್ತ್ರಕ್ಕೆ ಈ ಪ್ರಶ್ನೆಗಳು ಹೊಸವಲ್ಲ. ಒಂದು ಸಂಸ್ಥೆಯ ದಾಖಲೆಗಳನ್ನು ಅವು ಹುಟ್ಟಿದ ಮೂಲದಿಂದ ಬೇರ್ಪಡಿಸಬಾರದೆಂಬ ತತ್ವವನ್ನು ಫ್ರಾನ್ಸ್ 1841ರಲ್ಲಿಯೇ ಅಂಗೀಕರಿಸಿತ್ತು. ಜಾನಪದ ಶಾಸ್ತ್ರವು ಅನ್ಯ ಮಾರ್ಗದಿಂದ ಇದಕ್ಕೆ ಸಮೀಪದ ನಿಲುವನ್ನೇ ತಲುಪಿತು. ಅಲನ್ ಡಂಡೆಸ್ 1964ರಲ್ಲಿ ಪಠ್ಯದೊಡನೆ ಸಂದರ್ಭವನ್ನೂ ದಾಖಲಿಸಬೇಕೆಂದು ವಾದಿಸಿದನು. ಡಾನ್ ಬೆನ್-ಆಮೋಸ್ 1971ರಲ್ಲಿ ಜಾನಪದವನ್ನು ಸಣ್ಣ ಗುಂಪುಗಳ ಕಲಾತ್ಮಕ ಸಂವಹನವೆಂದು ನಿರೂಪಿಸಿದನು. ಡಂಡೆಸ್ ಮತ್ತು ಕಾರ್ಲ್ ಪ್ಯಾಗ್ಟರ್ 1975ರಲ್ಲಿ ಅಮೆರಿಕದ ಕಚೇರಿಗಳಲ್ಲಿ ಪ್ರತಿಯಾಗಿ ಹರಿದಾಡುತ್ತಿದ್ದ ವಿನೋದಪತ್ರಗಳನ್ನು ಸಂಕಲಿಸಿ, ಕಾಗದದ ಸಾಮ್ರಾಜ್ಯದೊಳಗೂ ಜನಪದರಿದ್ದಾರೆಂದು ತೋರಿಸಿಕೊಟ್ಟರು. ಕಚೇರಿಯೂ ಒಂದು ಜನಪದ ಸಮೂಹವಾದರೆ, ಅಲ್ಲಿ ಬರಹದ ಪರಂಪರೆಯ ಪಕ್ಕದಲ್ಲಿ ಮೌಖಿಕ ಪರಂಪರೆಯೊಂದು ಇರಲೇಬೇಕು.

ವಿಶ್ವವಿದ್ಯಾನಿಲಯದ ಕಚೇರಿಯಲ್ಲಿ ಈ ಪರಂಪರೆ ಪ್ರತಿದಿನವೂ ಕೆಲಸ ಮಾಡುತ್ತದೆ. ಯಾವ ವರ್ಷದ ಅಂಕವಹಿ ಯಾವ ಗಂಟಿನಲ್ಲಿದೆ, ವಿಭಾಗವೊಂದು ಎರಡಾದಾಗ ಅದರ ಹಳೆಯ ಪತ್ರಗಳು ಎಲ್ಲಿಗೆ ಹೋದವು, ಒಂದೇ ವಿಷಯಕ್ಕೆ ಎರಡು ಕಡತಗಳು ತೆರೆದುಕೊಂಡದ್ದೇಕೆ ಎಂಬುದು ಸೂಚಿಯಲ್ಲಿ ಇರುವುದಿಲ್ಲ. ಹಿರಿಯ ಗುಮಾಸ್ತರ, ಗಂಟು ಬಿಚ್ಚಿ ಕಟ್ಟುವ ಅಟೆಂಡರನ ನೆನಪಿನಲ್ಲಿರುತ್ತದೆ. ಅವರು ನಿವೃತ್ತರಾದಾಗ ಕಾರ್ಯಭಾರ ಹಸ್ತಾಂತರ ಪಟ್ಟಿಯಲ್ಲಿ ಕಡತಗಳ ಸಂಖ್ಯೆ ನಮೂದಾಗುತ್ತದೆ, ಈ ಅರಿವು ನಮೂದಾಗುವುದಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಓದು ಮುಗಿಸಿ, ಅಂಕಪಟ್ಟಿಯ ದ್ವಿಪ್ರತಿಗಾಗಿ ಹಳ್ಳಿಯಿಂದ ಬರುವ ವ್ಯಕ್ತಿಗೆ ‘ದಾಖಲೆ ಲಭ್ಯವಿಲ್ಲ’ ಎಂಬ ಉತ್ತರ ದೊರೆಯುವುದು ಹಲವು ಬಾರಿ ದಾಖಲೆ ನಾಶವಾದುದರಿಂದಲ್ಲ, ಅದರ ದಾರಿ ಬಲ್ಲವರು ಇಲ್ಲವಾದುದರಿಂದ.

ಹಾಗೆಂದು ಈ ಮೌಖಿಕ ಅರಿವನ್ನು ವೈಭವೀಕರಿಸುವುದೂ ಸರಿಯಲ್ಲ. ಲೆಕ್ಕದ ಜ್ಞಾನವನ್ನು ತನ್ನಲ್ಲೇ ಇರಿಸಿಕೊಂಡಿದ್ದ ಶಾನುಭೋಗನ ಅಧಿಕಾರ ಎಂಥದಾಗಿತ್ತೆಂಬುದನ್ನು ಕನ್ನಡದ ಗಾದೆಗಳೂ ಕತೆಗಳೂ ಸಂಶಯದ ಕಣ್ಣಿನಿಂದಲೇ ಕಂಡಿವೆ. ವಂಶಪಾರಂಪರ್ಯ ಗ್ರಾಮಾಧಿಕಾರವನ್ನು 1961ರ ಅಧಿನಿಯಮವು ರದ್ದುಗೊಳಿಸಿತಾದರೂ, ಬಲ್ಲವನೊಬ್ಬನ ಮರ್ಜಿಗೆ ಅರ್ಜಿದಾರ ಕಾಯಬೇಕಾದ ಸ್ಥಿತಿ ಕಚೇರಿಗಳಿಂದ ಪೂರ್ಣವಾಗಿ ತೊಲಗಿಲ್ಲ. ನೆನಪು ಒಬ್ಬರ ಸ್ವತ್ತಾಗಿರುವವರೆಗೆ ಅದು ಅಧಿಕಾರ. ದಾಖಲಾದಾಗ ಮಾತ್ರ ಅದು ಸಾರ್ವಜನಿಕ. ಆದ್ದರಿಂದ ಆ ಅರಿವನ್ನು ಸಂಗ್ರಹಿಸಿ ಬರಹಕ್ಕೆ ತರುವುದು ತರಬೇತಿಯ ಕೇಂದ್ರ ಕಾರ್ಯವಾಗಬೇಕಾಗಿತ್ತು.

ಈ ಕೊರತೆಯ ಪರಿಣಾಮ ಹೆಚ್ಚು ತೀವ್ರವಾಗಿ ಕಾಣುವುದು ಜಾನಪದ ವಿಭಾಗಗಳಲ್ಲಿ. ಮೈಸೂರಿನಲ್ಲಿ 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ, 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ, 1991ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ, 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಹೀಗೆ ಕರ್ನಾಟಕದಲ್ಲಿ ಜಾನಪದವು ವಿಶ್ವವಿದ್ಯಾನಿಲಯದ ವಿಷಯವಾಗಿ ಬೆಳೆದಿದೆ. ಇಂಥ ಅಧ್ಯಯನದಿಂದ ಹುಟ್ಟುವ ಧ್ವನಿಸುರುಳಿ, ಛಾಯಾಚಿತ್ರ, ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕಗಳು ಆಡಳಿತದ ದೃಷ್ಟಿಯಲ್ಲಿ ಏನು? ಕಡತದ ಅಭಿಲೇಖಾಲಯ ಅವನ್ನು ಕಡತವೆನ್ನುವುದಿಲ್ಲ. ಗ್ರಂಥಾಲಯ ಅವನ್ನು ಗ್ರಂಥವೆನ್ನುವುದಿಲ್ಲ. ಕೊನೆಗೆ ಅವುಗಳಿಗೆ ಒದಗುವ ಸ್ಥಾನ ದಾಸ್ತಾನು ವಹಿ. ಅಲ್ಲಿ ಧ್ವನಿಸುರುಳಿಯೊಂದು ಖರೀದಿಯ ದಿನಾಂಕ, ಬಿಲ್ಲಿನ ಸಂಖ್ಯೆ ಮತ್ತು ಬೆಲೆಯೊಂದಿಗೆ ಖಾಲಿ ವಸ್ತುವಾಗಿಯೇ ಉಳಿಯುತ್ತದೆ. ಅದರೊಳಗೆ ಹಾಡಿದವರ ಹೆಸರು, ಊರು, ಹಾಡಿದ ಸಂದರ್ಭ ಯಾವುದಕ್ಕೂ ಆ ವಹಿಯಲ್ಲಿ ಅಂಕಣವಿಲ್ಲ. ದಾಸ್ತಾನಿನ ತರ್ಕದಲ್ಲಿ ಬಳಕೆಗೆ ಬಾರದ ವಸ್ತು ವಿಲೇವಾರಿಗೆ ಅರ್ಹ. ಆ ವಿಲೇವಾರಿ ಪಟ್ಟಿಗೆ ಸಹಿ ಹಾಕುವ ಸಿಬ್ಬಂದಿಯ ಮೇಲೆ ತಪ್ಪು ಹೊರಿಸುವುದೂ ಸಾಧ್ಯವಿಲ್ಲ, ಅವರಿಗೆ ಕಲಿಸಿದ್ದು ಅಷ್ಟೇ.

ವಾಸ್ತವದಲ್ಲಿ ಕಾನೂನು ಇದಕ್ಕಿಂತ ಉದಾರವಾಗಿದೆ. ಮಾಹಿತಿ ಹಕ್ಕು ಅಧಿನಿಯಮದ 2(ಐ) ಪ್ರಕರಣವು ಹಸ್ತಪ್ರತಿಯನ್ನೂ, ಕಂಪ್ಯೂಟರ್ ಅಥವಾ ಬೇರಾವುದೇ ಸಾಧನದಿಂದ ಉತ್ಪಾದಿತವಾದ ಸಾಮಗ್ರಿಯನ್ನೂ ದಾಖಲೆಯೆಂದೇ ಪರಿಗಣಿಸುತ್ತದೆ. ಕಾಲವೂ ಕಾಯುವುದಿಲ್ಲ. ಯುನೆಸ್ಕೋ ಮತ್ತು ಅಂತರರಾಷ್ಟ್ರೀಯ ಧ್ವನಿ-ದೃಶ್ಯ ಪತ್ರಾಗಾರ ಸಂಘವು 2019ರಲ್ಲಿ ಕೈಗೊಂಡ ಕಾಂತಸುರುಳಿ ಎಚ್ಚರಿಕೆ ಯೋಜನೆಯು, ನುಡಿಸುವ ಯಂತ್ರಗಳು ಹಾಗೂ ಬಿಡಿಭಾಗಗಳ ಅಭಾವದಿಂದ 2025ರ ಸುಮಾರಿಗೆ ಇಂಥ ಸುರುಳಿಗಳನ್ನು ನಿಯತವಾಗಿ ನುಡಿಸುವುದೇ ದುಸ್ತರವಾಗಲಿದೆ ಎಂದು ಸೂಚಿಸಿತ್ತು. ಆ ವರ್ಷ ಈಗಾಗಲೇ ಬಂದಾಗಿದೆ. ಸುರುಳಿಯನ್ನು ಗಣಕೀಕರಿಸಿದ ಮಾತ್ರಕ್ಕೂ ಸಮಸ್ಯೆ ಮುಗಿಯದು. ಹಾಡುಗಾರ್ತಿಯ ಹೆಸರಿಲ್ಲದ ಧ್ವನಿಯು ಗಣಕದಲ್ಲಿಯೂ ಅನಾಥವೇ. 2001ರಲ್ಲಿ ರೂಪುಗೊಂಡು 2016ರಲ್ಲಿ ಪರಿಷ್ಕೃತವಾದ ದಾಖಲೆ ನಿರ್ವಹಣೆಯ ಅಂತರರಾಷ್ಟ್ರೀಯ ಮಾನಕ ಐಎಸ್ಒ 15489 ಕೂಡ ಸಂದರ್ಭವಿಲ್ಲದ ದಾಖಲೆಯನ್ನು ಪರಿಪೂರ್ಣವೆಂದು ಒಪ್ಪುವುದಿಲ್ಲ.

ಈ ಹಿನ್ನೆಲೆಯಲ್ಲಿ ತರಬೇತಿಯ ಸ್ವರೂಪದಲ್ಲಿ ಮೂರು ಬದಲಾವಣೆಗಳು ಅಗತ್ಯವೆನಿಸುತ್ತವೆ. ಮೊದಲನೆಯದು, ಮಾದರಿ ಕಡತಗಳ ಬದಲು ಆಯಾ ಕಚೇರಿಯ ನಿಜವಾದ ಗಂಟುಗಳನ್ನೇ ಮುಂದಿರಿಸಿ, ನಿವೃತ್ತಿಯ ಅಂಚಿನಲ್ಲಿರುವ ಸಿಬ್ಬಂದಿಯನ್ನು ವಕ್ತೃಗಳೆಂದು ಭಾವಿಸಿ ಅವರ ಅರಿವನ್ನು ದಾಖಲಿಸಬೇಕು. ಎರಡನೆಯದು, ಗುಮಾಸ್ತರಿಗೆ ಮಾತ್ರವಲ್ಲದೆ ದಾಖಲೆಗಳನ್ನು ಕೈಯಾರೆ ಹೊರುವ ಅಟೆಂಡರುಗಳಿಗೂ ಗುತ್ತಿಗೆ ನೌಕರರಿಗೂ ತರಬೇತಿ ದೊರೆಯಬೇಕು. ಮೂರನೆಯದು, ಕ್ಷೇತ್ರಕಾರ್ಯದ ಸಾಮಗ್ರಿಯನ್ನು ದಾಸ್ತಾನು ವಹಿಯಿಂದ ಬಿಡಿಸಿ, ಶಾಶ್ವತವಾಗಿ ಕಾಪಿಡಬೇಕಾದ ದಾಖಲೆಗಳ ವರ್ಗಕ್ಕೆ ಸೇರಿಸಬೇಕು. ಪ್ರತಿಯೊಂದರ ಜೊತೆಗೆ ವಕ್ತೃವಿನ ಹೆಸರು, ಊರು, ದಿನಾಂಕ, ಸಂಗ್ರಾಹಕರು, ಬಳಕೆಗೆ ವಕ್ತೃ ನೀಡಿದ ಒಪ್ಪಿಗೆ ಇವುಗಳುಳ್ಳ ಸಂದರ್ಭಪತ್ರವಿರಬೇಕು. ಇವುಗಳಿಗೆ ದೊಡ್ಡ ಮೊತ್ತದ ಅನುದಾನ ಬೇಕಿಲ್ಲ. ಹಾಡಿದವರೂ ಹಾಡಿಸಿಕೊಂಡವರೂ ವಯೋವೃದ್ಧರಾಗುತ್ತಿರುವ ಈ ಹೊತ್ತಿನಲ್ಲಿ, ಹೆಸರಿಲ್ಲದ ಸುರುಳಿಯ ಧ್ವನಿ ಯಾರದೆಂದು ಕೇಳಿ ಬರೆದುಕೊಳ್ಳುವ ಕೆಲಸವಾದರೂ ಮುಂದಿನ ತರಬೇತಿಯ ಮೊದಲ ಪಾಠವಾಗಬೇಕಾಗಿದೆ.