ಬೇರೆ ಮೂಲ ಇಲ್ಲದವರ ನೀರು

ನಮ್ಮ ಮೈಸೂರು ಜಿಲ್ಲೆಯಲ್ಲಿ ನೀರಿನ ಬಗ್ಗೆ ಮಾತಿಗೇನೂ ಬರವಿಲ್ಲ. 2007ರ ಫೆಬ್ರವರಿ 5ರಂದು ಕಾವೇರಿ ನ್ಯಾಯಮಂಡಳಿಯ ಅಂತಿಮ ತೀರ್ಪಿನಲ್ಲಿ ಕರ್ನಾಟಕಕ್ಕೆ 270 ಟಿಎಂಸಿ ಸಿಕ್ಕಿತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಅದಕ್ಕೆ 14.75 ಟಿಎಂಸಿ ಸೇರಿಸಿತು. ಇದನ್ನೆಲ್ಲ ಹುಣಸೂರಿನ ಚಹಾ ಅಂಗಡಿಯಲ್ಲಿ ಕೂತವರೂ ಬಲ್ಲರು. ಕನ್ನಂಬಾಡಿಯಲ್ಲಿ ಎಷ್ಟು ಅಡಿ, ಕಬಿನಿಗೆ ಒಳಹರಿವು ಎಷ್ಟು ಕ್ಯೂಸೆಕ್ ಎಂಬುದು ಮಳೆಗಾಲದಲ್ಲಿ ದಿನವೂ ಪತ್ರಿಕೆಯಲ್ಲಿ ಬರುತ್ತದೆ. ಆದರೆ ಆ ಚಹಾ ಕಾಯಿಸಿದ ನೀರಿನಲ್ಲಿ ಏನಿದೆ ಎಂದು ಕೇಳಿ ನೋಡಿ. ಅಂಗಡಿಯವನಿಗೆ ಗೊತ್ತಿಲ್ಲ, ಅವನಿಗೆ ನೀರು ಬಿಡುವವನಿಗೂ ಗೊತ್ತಿಲ್ಲ. ನೀರನ್ನು ಅಳೆಯುವ ಭಾಷೆ ನಮ್ಮಲ್ಲಿ ಇಷ್ಟು ಬೆಳೆದಿರುವಾಗ ನೀರಿನ ಗುಣದ ಬಗ್ಗೆ ಮಾತಾಡುವ ಭಾಷೆ ಯಾಕೆ ಬೆಳೆಯಲಿಲ್ಲ ಎಂಬುದೇ ಈ ಬರಹದ ಪ್ರಶ್ನೆ.

ಬೆಳೆಯಲೇ ಇಲ್ಲ ಎನ್ನುವುದೂ ಪೂರ್ತಿ ಸರಿಯಲ್ಲ. ಅಡುಗೆಮನೆಯಲ್ಲಿ ಆ ಭಾಷೆ ಇದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ, ಈ ನಾಲ್ಕೂ ಕಡೆ ಹೆಂಗಸರು ನೀರನ್ನು ಎರಡಾಗಿ ವಿಂಗಡಿಸುತ್ತಾರೆ: ಒಳ್ಳೆ ನೀರು, ಬೋರ್ ನೀರು. ನಮ್ಮ ಮನೆಗಳ ಉರ್ದುವಿನಲ್ಲಿ ಅದು ಮೀಠಾ ಪಾನಿ, ಖಾರಾ ಪಾನಿ. ಬೋರ್ ನೀರಿನಲ್ಲಿ ತೊಗರಿಬೇಳೆ ಬೇಗ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ, ಒಗೆದ ಬಿಳಿ ಬಟ್ಟೆ ನಾಲ್ಕು ತಿಂಗಳಿಗೆ ಬೂದಿ ಬಣ್ಣಕ್ಕೆ ತಿರುಗುತ್ತದೆ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಸುಣ್ಣದಂಥ ಪದರ ಕಟ್ಟುತ್ತದೆ. ಮಸೀದಿಯ ವುಝೂ ನಲ್ಲಿಗಳ ಬಾಯಲ್ಲೂ ಅದೇ ಬಿಳಿ ಕಲೆ. ಬೇಳೆ ಬೇಯಲಿ ಎಂದು ಚಿಟಿಕೆ ಅಡುಗೆ ಸೋಡ ಹಾಕುವುದನ್ನು ಯಾವ ರಸಾಯನ ವಿಜ್ಞಾನಿಯೂ ಅವರಿಗೆ ಕಲಿಸಲಿಲ್ಲ.

ಕಾರಣ ಸರಳವಾದದ್ದೇ. ಕೊಡಗಿನ ಮಳೆಯಿಂದ ಹುಟ್ಟಿ ಮೇಲೆ ಮೇಲೆ ಹರಿದು ಬರುವ ಹೊಳೆ ನೀರಿಗೆ ಕಲ್ಲಿನ ಸಹವಾಸ ಕಡಿಮೆ. ಕೊಳವೆಬಾವಿಯ ನೀರು ಬಂಡೆಯ ಸಂದಿಗಳಲ್ಲಿ ವರ್ಷಗಟ್ಟಲೆ ಕೂತು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡಿರುತ್ತದೆ. ಇದೇ ಗಡಸುತನ. ಕುದಿಸಿದಾಗ ಅದರಲ್ಲಿ ಒಂದು ಪಾಲು ಪದರವಾಗಿ ಕೆಳಗೆ ಕೂರುತ್ತದೆ, ಇನ್ನೊಂದು ಪಾಲು ಕುದಿಸಿದರೂ ಹೋಗುವುದಿಲ್ಲ.

ಇನ್ನು ಸರಕಾರದ ಭಾಷೆ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕಕ್ಕೆ ಐಎಸ್ 10500 ಎಂದು ಹೆಸರು. 2012ರಲ್ಲಿ ಅದು ಪರಿಷ್ಕೃತವಾಯಿತು. ಕತೆ ಬರೆಯುವವರಾದ ನಮಗೆ ಇಂಥ ಕೋಷ್ಟಕಗಳನ್ನು ಓದುವ ಅಭ್ಯಾಸವಿಲ್ಲ. ಆದರೆ ಇದನ್ನು ಒಂದು ಕೃತಿಯ ಹಾಗೆ ಓದಲೇಬೇಕು. ಅದರಲ್ಲಿ ಎರಡು ಕಲಮುಗಳಿವೆ. ಮೊದಲನೆಯದು ಒಪ್ಪಬಹುದಾದ ಮಿತಿ. ಎರಡನೆಯದು ಬೇರೆ ಮೂಲ ಇಲ್ಲದಿದ್ದಾಗ ಅನುಮತಿಸಬಹುದಾದ ಮಿತಿ. ಗಡಸುತನಕ್ಕೆ ಮೊದಲ ಕಲಮಿನಲ್ಲಿ ಲೀಟರಿಗೆ 200 ಮಿಲಿಗ್ರಾಂ, ಎರಡನೆಯದರಲ್ಲಿ 600. ಕರಗಿದ ಒಟ್ಟು ಲವಣ, ಅಂದರೆ ಟಿಡಿಎಸ್, ಮೊದಲನೆಯದರಲ್ಲಿ 500, ಎರಡನೆಯದರಲ್ಲಿ 2000. ಫ್ಲೋರೈಡ್ 1, ಆಮೇಲೆ 1.5.

ಒಂದೇ ದೇಶ, ಒಂದೇ ಮಾನಕ, ಆದರೆ ಎರಡು ಬಗೆಯ ಪ್ರಜೆಗಳು. ಬೇರೆ ಮೂಲ ಇದ್ದವರಿಗೆ 200, ಇಲ್ಲದವರಿಗೆ 600. ತೀರಾ ಬರದ ನಾಡಿನಲ್ಲಿ ಬಾಯಾರಿದವನಿಗೆ ನೀರನ್ನೇ ನಿರಾಕರಿಸಬಾರದೆಂಬ ಕರುಣೆಯಿಂದ ಎರಡನೆಯ ಕಲಮು ಬಂದಿರಬಹುದು. ಅದನ್ನು ಒಪ್ಪೋಣ. ಆದರೆ ಅಧಿಕಾರಿಯ ಬಾಯಲ್ಲಿ ಆ ಕಲಮು ಬೇರೆಯೇ ಕೆಲಸ ಮಾಡುತ್ತದೆ. 550 ಬಂದರೂ 'ಮಿತಿಯೊಳಗೇ ಇದೆ' ಎಂದು ಕಡತ ಮುಚ್ಚಬಹುದು. 'ಬೇರೆ ಮೂಲ ಇಲ್ಲದಿದ್ದಾಗ' ಎಂಬ ಮಾತು ಹೇಳುವಾಗ ಬಿದ್ದುಹೋಗುತ್ತದೆ, 600 ಎಂಬ ಅಂಕಿ ಮಾತ್ರ ಉಳಿಯುತ್ತದೆ.

ಬೇರೆ ಮೂಲ ಇಲ್ಲ ಎಂದು ಯಾರು ತೀರ್ಮಾನಿಸಿದರು? ಎಚ್.ಡಿ.ಕೋಟೆ ಕಡೆಗೆ ನೋಡಿ. ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂದು ನಾಲ್ಕು ಜಲಾಶಯಗಳಿರುವ ಸೀಮೆ ಅದು (ಸರಗೂರು ಈಗ ಪ್ರತ್ಯೇಕ ತಾಲೂಕು). ಕಬಿನಿಯೊಂದರಲ್ಲೇ 19.52 ಟಿಎಂಸಿ ಹಿಡಿಯುತ್ತದೆ. 1974ರಲ್ಲಿ ಮುಗಿದ ಆ ಅಣೆಕಟ್ಟಿಗಾಗಿ ಹಳ್ಳಿಗಳು ಮುಳುಗಿದವು, ಕಾಡಿನ ಜನ ಒಕ್ಕಲೆದ್ದರು. ಕಬಿನಿಯ ನೀರು ಕೊಳವೆಯಲ್ಲಿ ಮೈಸೂರು ನಗರವನ್ನು ತಲುಪಿದೆ. ಹಿನ್ನೀರಿನ ದಡದ ರೆಸಾರ್ಟುಗಳಲ್ಲಿ ನೀರನ್ನು ನೋಡಲೆಂದೇ ಪ್ರವಾಸಿಗರು ಬರುತ್ತಾರೆ. ಅದೇ ತಾಲೂಕಿನ ಎಷ್ಟೋ ಹಳ್ಳಿಗಳು, ಹಾಡಿಗಳು ಮಾತ್ರ ಕೊಳವೆಬಾವಿಯನ್ನೇ ನೆಚ್ಚಿಕೊಂಡಿವೆ. ಇಲ್ಲಿ 'ಬೇರೆ ಮೂಲ ಇಲ್ಲ' ಎನ್ನುವುದು ಭೂಗೋಳ ಹೇಳಿದ ಮಾತಲ್ಲ, ಯೋಜನೆ ಹೇಳಿದ ಮಾತು.

ಪಿರಿಯಾಪಟ್ಟಣದಲ್ಲಿ ಮುತ್ತಿನಮುಳುಸೋಗೆ ಬಳಿ ಕಾವೇರಿಯಿಂದ ನೀರೆತ್ತಿ 150 ಕೆರೆಗಳನ್ನು ತುಂಬಿಸುವ ಯೋಜನೆ ಹಾಕಿಕೊಂಡದ್ದು ಈ ದೃಷ್ಟಿಯಿಂದ ಮೆಚ್ಚಬೇಕಾದ ಸಂಗತಿ. ಕೆರೆ ತುಂಬಿದರೆ ಸುತ್ತಲ ಅಂತರ್ಜಲಕ್ಕೆ ಹೊಸ ನೀರು ಇಳಿಯುತ್ತದೆ, ಲವಣದ ಸಾಂದ್ರತೆ ತಗ್ಗಲು ಅವಕಾಶವಾಗುತ್ತದೆ. ಆದರೆ ಆ ಯೋಜನೆಯ ಬಗ್ಗೆ ಆದ ಭಾಷಣಗಳಲ್ಲೆಲ್ಲ ಕೆರೆಗಳ ಎಣಿಕೆಯೇ ಎಣಿಕೆ. ಕುಡಿಯುವ ನೀರಿನ ರುಚಿ ಬದಲಾಯಿತೇ ಎಂದು ಕೇಳಿದವರು ಕಡಿಮೆ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಕಡೆಯವರನ್ನೂ ವಿಮರ್ಶಿಸದಿದ್ದರೆ ಅನ್ಯಾಯವಾದೀತು. ಗಡಸು ನೀರು ವಿಷ, ಅದರಿಂದಲೇ ಕಿಡ್ನಿಯಲ್ಲಿ ಕಲ್ಲು ಎಂಬ ನಂಬಿಕೆ ಮನೆಮನೆಗೂ ಹಬ್ಬಿದೆ. ವೈದ್ಯಶಾಸ್ತ್ರ ಹಾಗೆ ಸಾಬೀತು ಮಾಡಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಗಡಸುತನಕ್ಕೆ ಆರೋಗ್ಯದ ಕಾರಣ ಕೊಟ್ಟು ಮಿತಿಯನ್ನೇ ಹಾಕಿಲ್ಲ. ಈ ಭಯವನ್ನು ಬೆಳೆಸಿದವರಲ್ಲಿ ಯಂತ್ರ ಮಾರುವವರೂ ಇದ್ದಾರೆ. ಅವರು ಎರಡು ಲೋಟ ಇಟ್ಟು, ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಯಂತ್ರದ ನೀರು ತುಂಬಿ, ವಿದ್ಯುತ್ ಕಡ್ಡಿಗಳನ್ನು ಅದ್ದುತ್ತಾರೆ. ನಲ್ಲಿ ನೀರು ಕಂದುಗಟ್ಟುತ್ತದೆ. ಮನೆಯವರು ಹೌಹಾರುತ್ತಾರೆ. ಆ ಬಣ್ಣ ಬಂದದ್ದು ನೀರಿನಿಂದಲ್ಲ, ಕಡ್ಡಿಯ ಕಬ್ಬಿಣ ಕರಗಿದ್ದರಿಂದ. ಲವಣ ಇರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಇಲ್ಲದ್ದರಲ್ಲಿ ಅಷ್ಟಾಗಿ ಹರಿಯುವುದಿಲ್ಲ, ಅಷ್ಟೇ ಗುಟ್ಟು. ಅವರ ಕೈಯಲ್ಲಿರುವ ಟಿಡಿಎಸ್ ಮೀಟರಿಗೆ ರೋಗಾಣು ಕಾಣುವುದಿಲ್ಲ, ಯಾವ ಲವಣ ಎಷ್ಟಿದೆ ಎಂಬುದೂ ತಿಳಿಯುವುದಿಲ್ಲ. ಮನೆಯ ಆರ್‌ಒ ಯಂತ್ರ ಒಂದು ಬಿಂದಿಗೆ ನೀರು ಕೊಡಲು ಎರಡು ಮೂರು ಬಿಂದಿಗೆ ಚರಂಡಿಗೆ ಬಿಡುವುದುಂಟು. ಟಿಡಿಎಸ್ 500ಕ್ಕಿಂತ ಕಡಿಮೆ ಇರುವಲ್ಲಿ ಈ ಯಂತ್ರಗಳನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿದ್ದು ಇದೇ ಕಾರಣಕ್ಕೆ. ಇನ್ನು ಯಂತ್ರ ಕೊಳ್ಳಲಾರದವರು ಶುದ್ಧ ನೀರಿನ ಘಟಕದ ಮುಂದೆ ನಾಣ್ಯ ಹಿಡಿದು, ಕ್ಯಾನ್ ಇಟ್ಟುಕೊಂಡು ನಿಲ್ಲುತ್ತಾರೆ. ಘಟಕ ಕೆಟ್ಟು ನಿಂತ ವಾರಗಳಲ್ಲಿ ಮತ್ತೆ ಬೋರ್ ನೀರೇ ಗತಿ.

ನಾಲಿಗೆಗೆ ಗೊತ್ತಾಗುವ ದೋಷಕ್ಕೆ ಇಷ್ಟು ಖರ್ಚು, ಇಷ್ಟು ಭಯ. ನಾಲಿಗೆಗೆ ಗೊತ್ತಾಗದ್ದಕ್ಕೆ? ಮದರಸದಲ್ಲಿ ಉಸ್ತಾದರು ನೀರು ಪಾಕ್ ಆಗಿದೆಯೇ ಎಂದು ನೋಡಲು ಮೂರು ಗುಣ ಹೇಳಿಕೊಡುತ್ತಿದ್ದರು: ರಂಗ್, ಬೂ, ಮಜಾ. ಬಣ್ಣ, ವಾಸನೆ, ರುಚಿ. ವುಝೂವಿಗೆ ಆ ಅಳತೆ ಇಂದಿಗೂ ಸಾಕು. ಆದರೆ ನೈಟ್ರೇಟಿಗೆ ಈ ಮೂರೂ ಇಲ್ಲ. ಐಎಸ್ 10500ರಲ್ಲಿ ನೈಟ್ರೇಟ್ ಮಿತಿ 45, ಅದಕ್ಕೆ ಎರಡನೆಯ ಕಲಮಿನ ರಿಯಾಯಿತಿ ಇಲ್ಲ. ಹಾಲು ಕುಡಿಯುವ ಮಗುವಿನ ರಕ್ತ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಅದು ಕುಗ್ಗಿಸಬಲ್ಲದು. ಹುಣಸೂರು, ಪಿರಿಯಾಪಟ್ಟಣಗಳ ತಂಬಾಕು, ಶುಂಠಿ, ಮುಸುಕಿನ ಜೋಳದ ಹೊಲಗಳಿಗೆ ಸುರಿಯುವ ಗೊಬ್ಬರ, ಮನೆ ಹಿಂದಿನ ಶೌಚದ ಗುಂಡಿ, ಎರಡೂ ಇಳಿಯುವುದು ಕೊಳವೆಬಾವಿ ಎಳೆಯುವ ನೆಲದೊಳಕ್ಕೇ.

ಹೊಳೆ ನೀರೆಂದರೆ ಒಳ್ಳೆ ನೀರು ಎಂಬ ನೆಮ್ಮದಿಯೂ ಈಗ ಉಳಿದಿಲ್ಲ. ಬ್ರಹ್ಮಗಿರಿಯಲ್ಲಿ ಹುಟ್ಟಿ ಹುಣಸೂರನ್ನು ಹಾದು ಕನ್ನಂಬಾಡಿ ಸೇರುವ ಲಕ್ಷ್ಮಣತೀರ್ಥ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ ಕರ್ನಾಟಕದ 17 ಕಲುಷಿತ ನದಿ ಭಾಗಗಳ ಪಟ್ಟಿಯಲ್ಲಿದೆ. ಪಟ್ಟಣದ ಚರಂಡಿ ಸೇರಿದ ಮೇಲೂ ನದಿಯ ಗಡಸುತನ ಕಡಿಮೆಯೇ ಇರಬಹುದು, ಬೇಳೆ ಚೆನ್ನಾಗಿಯೇ ಬೆಂದೀತು. ಕೆ.ಆರ್.ನಗರದವರಿಗೆ ಕಾವೇರಿ ಮನೆ ಬಾಗಿಲಲ್ಲೇ ಇದ್ದಾಳೆ, ಆದರೆ ಮಳೆಗಾಲದ ಕೆಂಪು ನೀರಿಗೆ ಹಾಕುವ ಪಟಿಕ, ಕ್ಲೋರಿನ್ ಒಂದು ದಿನ ತಪ್ಪಿದರೆ ಏನಾಗುತ್ತದೆಂದು ರುಚಿ ಹೇಳುವುದಿಲ್ಲ. 2024ರ ಮೇ ತಿಂಗಳಲ್ಲಿ ಮೈಸೂರಿನ ಪಕ್ಕದ ಕೆ.ಸಾಲುಂಡಿಯಲ್ಲಿ ಕಲುಷಿತ ನೀರು ಕುಡಿದು ಅನೇಕರು ಆಸ್ಪತ್ರೆ ಸೇರಿದರು, ಒಬ್ಬ ಯುವಕ ತೀರಿಕೊಂಡ. ಅಲ್ಲಿ ಜನರನ್ನು ಕಾಡಿದ್ದು ಪಾತ್ರೆಯ ತಳದ ಬಿಳಿ ಪದರವಲ್ಲ.

2019ರಲ್ಲಿ ಶುರುವಾದ ಜಲಜೀವನ್ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ಕೊಡುವ ಮಾತಾಡಿತು. ಜತೆಗೆ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ಕಿಟ್ ಬಳಸಲು ತರಬೇತಿ ಎಂದೂ ಹೇಳಿತು. ಈ ಎರಡನೆಯ ಮಾತು ನಮಗೆ ಮೊದಲನೆಯದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಬೇಳೆ ಬೇಯದ್ದನ್ನು ಮೊದಲು ಕಂಡವಳ ಕೈಗೇ ನೈಟ್ರೇಟ್ ನೋಡುವ ಬಣ್ಣದ ಪಟ್ಟಿಯೂ ಬರುತ್ತದೆ. ಆದರೆ ಅವಳು ಪಡೆದ ಅಂಕಿ ಮೊಬೈಲಿನಿಂದ ದೆಹಲಿಯ ಜಾಲತಾಣಕ್ಕೆ ಹೋಗುತ್ತದೆಯೇ ಹೊರತು ಪಕ್ಕದ ಮನೆಗೆ ಬರುವುದಿಲ್ಲ. ಪಂಚಾಯಿತಿ ಕಚೇರಿಯ ಗೋಡೆಯಲ್ಲಿ ನರೇಗಾ ಕಾಮಗಾರಿಯ ಮೊತ್ತ ಬರೆಯಲು ಜಾಗವಿದೆ. ಅದರ ಪಕ್ಕದಲ್ಲಿ ತಿಂಗಳಿಗೊಮ್ಮೆ, ಯಾವ ಟ್ಯಾಂಕಿನ ನೀರು, ಯಾವ ತಾರೀಕು, ಗಡಸುತನ ಎಷ್ಟು, ನೈಟ್ರೇಟ್ ಎಷ್ಟು, ರೋಗಾಣು ಇದೆಯೇ ಇಲ್ಲವೇ ಎಂದು ಕನ್ನಡದಲ್ಲಿ ಐದು ಸಾಲು ಬರೆಯಲು ಒಂದು ಡಬ್ಬ ಬಣ್ಣ ಸಾಕು. ಎರಡನೆಯ ಕಲಮಿನ ಮಿತಿಯನ್ನು ಬಳಸುವುದೇ ಆದರೆ, 'ಬೇರೆ ಮೂಲ ಇಲ್ಲ' ಎಂದು ತೀರ್ಮಾನಿಸಿದ ಅಧಿಕಾರಿಯ ಹುದ್ದೆಯನ್ನೂ ಅಲ್ಲೇ ಬರೆಯಲಿ.